ಹನ್ನೊಂದನೆಯ ಪ್ರಶ್ನೆ

ಕಾಗದ ಎರಡೇ ಹಾಳೆಯದು. ಆದರೂ ಅದನ್ನು ಯಾವ ಕೈಯಲ್ಲಿ ಹಿಡಿದು ನಡೆಯಬೇಕೆಂದು ಫುವಾತಿನೊಗೆ ತಿಳಿಯಲಿಲ್ಲ. ಕೈಯಲ್ಲಿ ಹಿಡಿದರೆ ದಾರಿಯಲ್ಲಿ ಎದುರಾದವರಿಗೆಲ್ಲ ಕಾಣುತ್ತದೆ. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಬೆವರಿಗೆ ನೆನೆಯುತ್ತದೆ. ನೆನೆದ ಕಾಗದದ ಮೇಲೆ ಮುದುಕಿ ಆಲಿಯಿತಾಸಿಯ ರುಜು ಹಾಕಿಸಿಕೊಂಡು ಬಂದರೆ ಎಣ್ಣೆ ಸಂಘದ ಅಧ್ಯಕ್ಷ ತುಫುಗಾ ಏನೂ ಅನ್ನುವುದಿಲ್ಲ, ಸುಮ್ಮನೆ ಅದನ್ನು ಮೇಜಿನ ಮೇಲೆ ಹರಡಿ ಅಂಗೈಯಿಂದ ಸವರಿ ಸವರಿ ಒಣಗಿಸುತ್ತಾನೆ; ಆ ಸವರುವುದನ್ನು ನೋಡುತ್ತ ನಿಲ್ಲುವುದು ಬೈಗುಳಕ್ಕಿಂತ ಕಷ್ಟ. ಬುಧವಾರ. ಎಣ್ಣೆಮನೆಯೊಳಗೆ ಹೆಂಗಸರು ಸಾಲಾಗಿ ಕೂತು ಕಾಯಿ ತುರಿಯುತ್ತಿದ್ದರು. ಬಿಸಿ ತಗಡಿನ ಮೇಲೆ ತುರಿ ಒಣಗುವ ವಾಸನೆ ಬಾಗಿಲವರೆಗೂ ಬರುತ್ತಿತ್ತು. ಒಂದು ಕಾಲದಲ್ಲಿ ಅವಳಿಗೆ ಹಸಿವು ಹುಟ್ಟಿಸುತ್ತಿದ್ದ ವಾಸನೆ ಅದು. ಈಗ ಎರಡು ತಿಂಗಳಿಂದ ಅದು ಗಂಟಲಲ್ಲಿ ಜಿಡ್ಡಾಗಿ ಕೂರುತ್ತಿತ್ತು. ಒಳಗೆ ಯಾರೋ ನಕ್ಕರು. ತನ್ನನ್ನು ನೋಡಿ ನಕ್ಕದ್ದಲ್ಲ ಎಂದು ಗೊತ್ತಿದ್ದರೂ ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ತುಫುಗಾ ಎಣ್ಣೆ ತೊಟ್ಟಿಕ್ಕುವುದನ್ನೇ ನೋಡುತ್ತಿದ್ದ. ಊರಿನ ಹಿರಿಯರಲ್ಲಿ ಒಬ್ಬ, ಮಾತು ಮೆದು, ತೋಳಿನ ತುಂಬ ಹಚ್ಚೆ.

"ಅವ್ಳಿಗೆ ಓದಿ ಹೇಳು. ಕೊನೇಲಿ ರುಜು ಹಾಕಿಸ್ಕೋ. ಮಧ್ಯಾಹ್ನದ ಹಡಗಿಗೆ ಕಳಿಸ್ಬೇಕು."

"ಯಜಮಾನ್ರೇ, ಒಂದು ಮಾತಿತ್ತು."

"ರುಜು ಆದ್ಮೇಲೆ ಹೇಳು."

"ಆದ್ಮೇಲೆ ಹೇಳೋ ಮಾತಲ್ಲ. ಆ ಹುಲ್ಲು..."

"ಯಾವ ಹುಲ್ಲು?" ಅವನು ಅವಳ ಕಡೆ ತಿರುಗಲಿಲ್ಲ. "ಮೊನ್ನೆ ಆ ಕಡೆ ಹೋಗಿದ್ದೆ ಕಣಮ್ಮ. ಎಲ್ಲಾ ಹಸಿರಾಗಿದೆ."

"ಅದನ್ನ ಸಾಯಿಸಿದ್ದು ಆಲಿಯಿತಾಸಿ ದೊಡ್ಡಮ್ಮ ಅಲ್ಲ."

"ನಾನು ಕೇಳಿದ್ನಾ?" ಈಗ ತಿರುಗಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಸಹಿಸಲಾಗಲಿಲ್ಲ. "ನೋಡು ಫುವಾತಿನೊ, ನನ್ನ ಕಿವಿಗೆ ಹಾಕಿದ್ರೆ ನಾನು ಬರೀಲೇಬೇಕಾಗತ್ತೆ. ಬರೆದ್ರೆ ಇವರೆಲ್ಲ ಮುಂದಿನ ಬುಧವಾರ ಎಲ್ಲಿ ಕೂತು ತುರೀತಾರೆ? ನೀನು ಊರು ಉಳಿಸಿದೀಯ. ಉಳಿಸಿದೋರು ಸುಮ್ನಿರ್ಬೇಕು."

ಉಳಿಸಿದೋರು ಎಂಬ ಮಾತನ್ನು ಹೊತ್ತುಕೊಂಡೇ ಅವಳು ಕರಿಕಲ್ಲಿನ ದಾರಿ ಹಿಡಿದಳು. ಕಾಗದ ಕೊನೆಗೆ ಎಡಗೈಯಲ್ಲೇ ಉಳಿದಿತ್ತು. ತಾನು ಉಳಿಸಿದ್ದು ಯಾರನ್ನು ಎಂಬ ಲೆಕ್ಕ ಅವಳಿಗೆ ಒಂದು ದಿನಕ್ಕೆ ಒಂದು ಥರ ಕಾಣುತ್ತಿತ್ತು. ನಲವತ್ತೊಂದು ಮನೆಗಳು ಸೇರಿ ಒಂದೇ ಪ್ರಮಾಣಪತ್ರ. ಔಷಧಿ ಗೊಬ್ಬರ ಮುಟ್ಟಿಸದ ಕಾಯಿಯ ಎಣ್ಣೆ ಎಂದು ಅದರಲ್ಲಿ ಬರೆದಿರುವುದರಿಂದಲೇ ಕಡಲಾಚೆಯ ಸಾಬೂನಿನವರು ಈ ದ್ವೀಪದ ಈ ಒಂದು ಊರನ್ನು ಹುಡುಕಿಕೊಂಡು ಬಂದದ್ದು. ಒಂದು ಮನೆಯವರು ತಪ್ಪಿದರೆ ಆ ಮನೆಯೊಂದನ್ನು ಹೊರಗಿಟ್ಟರೆ ಮುಗಿಯಿತು. ಆದರೆ ಊರಿನವರೇ ನಡೆಸುವ ಒಳತಪಾಸಣೆ ಸುಳ್ಳೆಂದು ಗೊತ್ತಾದರೆ ಇಡೀ ಊರಿನದೂ ಹೋಯಿತು. ಆ ಒಳತಪಾಸಣೆ ಎಂದರೆ ಅವಳೇ, ಫುವಾತಿನೊ. ಆಪಿಯಾ ಪೇಟೆಯ ಹೋಟೆಲಿನಲ್ಲಿ ಆರು ವರ್ಷ ಬಂದವರಿಗೆ ಬೀಗದ ಕೈ ಕೊಡುತ್ತ ಕಲಿತ ಇಂಗ್ಲಿಷಿನಿಂದಾಗಿ ಊರು ಅವಳನ್ನು ಆರಿಸಿತ್ತು. ವರ್ಷಕ್ಕೊಮ್ಮೆ ನಲವತ್ತೊಂದು ತೋಟಗಳಿಗೂ ಹೋಗಬೇಕು, ಹತ್ತೊಂಬತ್ತು ಪ್ರಶ್ನೆಗಳ ನಮೂನೆ ತುಂಬಬೇಕು. ಮೊದಲ ವರ್ಷ ಅವಳು ಹೊಸ ಟೋಪಿ ಕೊಂಡಿದ್ದಳು. ನಮೂನೆ ಹಿಡಿದು ಬೇಲಿ ದಾಟಿದರೆ ತನಗಿಂತ ಹಿರಿಯರೂ ಎದ್ದು ಕೂರುತ್ತಿದ್ದರು. ಆ ಎದ್ದು ಕೂರುವುದು ತನಗೆ ಎಷ್ಟು ಇಷ್ಟವಾಗಿತ್ತು ಎಂಬುದನ್ನು ನೆನೆದರೆ ಈಗ ಅವಳಿಗೆ ಮೈ ಬಿಸಿಯೇರುತ್ತಿತ್ತು.

ಈ ವರ್ಷ ಆಲಿಯಿತಾಸಿಯ ತೋಟಕ್ಕೆ ಅವಳು ಹೋದದ್ದು ಒಂದು ಸೋಮವಾರ. ಮುದುಕಿ ಮನೆಯಲ್ಲಿರಲಿಲ್ಲ. ಕಡಲ ಕಡೆಯ ಅಂಚಿನಿಂದ ಸುತ್ತಿಕೊಂಡು ಬಂದು ಬಡಗಣ ಮೂಲೆ ಮುಟ್ಟಿದಾಗ ಕಾಲಡಿಯ ಸದ್ದು ಬದಲಾಯಿತು. ಮೊದಲು ಕಿವಿಗೇ ಗೊತ್ತಾದದ್ದು: ಒಣಗಿದ ಹುಲ್ಲು ಮುರಿಯುವ ಸದ್ದು. ಏಳು ತೆಂಗಿನ ಮರಗಳ ಬುಡಕ್ಕೆ ಹುಲ್ಲು ಹಳದಿಗಟ್ಟಿ, ಅಂಚಿನಲ್ಲಿ ಸುಟ್ಟ ಹಾಗೆ ಕಂದಿತ್ತು. ಬಿಸಿಲಿಗೆ ಸತ್ತ ಹುಲ್ಲು ಹಾಗೆ ನೆಟ್ಟಗೆ ಗೆರೆ ಎಳೆದಂತೆ ಸಾಯುವುದಿಲ್ಲ. ಗೆರೆ ಎಲ್ಲಿಂದ ಹೊರಟಿದೆ ಎಂದು ನೋಡುವ ಅಗತ್ಯವೇ ಇರಲಿಲ್ಲ, ಆಚೆಗಿದ್ದದ್ದು ಅವಳ ಅಣ್ಣ ಇಯೋಪುವಿನ ಕೆಸುವಿನ ಹೊಲ. ಅವನು ಸಂಘಕ್ಕೆ ಸೇರಿದವನಲ್ಲ. ಅವನ ಗೆಡ್ಡೆ ಪೇಟೆಗೆ ಹೋಗುತ್ತದೆ, ಅವನು ಕಳೆ ಔಷಧಿ ಹೊಡೆದರೆ ಕೇಳುವವರಿಲ್ಲ, ಬೇಲಿಯಿಂದ ಹತ್ತು ಹೆಜ್ಜೆ ಬಿಟ್ಟು ಹೊಡೆಯಬೇಕು ಅಷ್ಟೆ. ಹತ್ತು ಹೆಜ್ಜೆ ಬಿಡುವುದಿರಲಿ, ಈ ಕಡೆಯಿಂದ ಹುಲ್ಲು ಹಬ್ಬಿ ತನ್ನ ಕೆಸುವಿಗೆ ಬರುತ್ತದೆಂದು ಬೆನ್ನಿನ ಪಂಪು ಸಮೇತ ಬೇಲಿ ದಾಟಿ ಬಂದಿದ್ದ. ಮುದುಕಿಗೂ ಉಪಕಾರವಾಯಿತು ಎಂದೇ ಅಂದುಕೊಂಡಿರುತ್ತಾನೆ, ಅವನು ಕೆಟ್ಟವನಲ್ಲ. ಹಿಡಿದ ಮೀನಿನಲ್ಲಿ ದೊಡ್ಡದನ್ನು ಇವತ್ತಿಗೂ ಮೊದಲು ತಂಗಿಯ ಮನೆಗೆ ತಂದು, ಒಳಗೆ ಬಾರದೆ, ಮೆಟ್ಟಿಲ ಮೇಲಿಟ್ಟು ಹೋಗುವವನು. ಅಣ್ಣತಂಗಿಯರ ನಡುವೆ ಆ ದ್ವೀಪದಲ್ಲಿರುವ ಕಟ್ಟಳೆಯಂತೆ ತಂಗಿ ಇರುವಲ್ಲಿ ಅವನು ಗಟ್ಟಿಯಾಗಿ ನಗುವುದಿಲ್ಲ. ಅಂಥವನ ತಪ್ಪನ್ನು ತಂಗಿ ಬಾಯಿಬಿಟ್ಟು ಆಡಿದಳೆಂದರೆ ಅಣ್ಣನೂ ಉಳಿಯುವುದಿಲ್ಲ ತಂಗಿಯೂ ಉಳಿಯುವುದಿಲ್ಲ ಎಂದು ತಾಯಿ ಹೇಳುತ್ತಿದ್ದಳು. ಫುವಾತಿನೊ ಮರಕ್ಕೆ ನಮೂನೆ ಒತ್ತಿ ಹಿಡಿದು ಒಂದೊಂದೇ ಪ್ರಶ್ನೆ ತುಂಬಿದಳು. ಹನ್ನೊಂದನೆಯದು: ನಿಷೇಧಿಸಿದ ವಸ್ತು ಬಳಸಿದ ಕುರುಹು ಕಂಡುಬಂದಿದೆಯೇ? ಇಲ್ಲ, ಎಂದು ಬರೆದಳು. ಮಳೆ ಬಿದ್ದರೆ ಎರಡು ವಾರದಲ್ಲಿ ಚಿಗುರುತ್ತದೆ. ಪ್ರಮಾಣಪತ್ರ ಕೊಡುವವರ ಕಡೆಯಿಂದ ಹೊರಗಿನ ತಪಾಸಣೆಯಾಕೆ ಬರುವುದಕ್ಕೆ ಇನ್ನೂ ಮೂರು ವಾರ ಇದೆ.

ಮಳೆ ಬೀಳಲಿಲ್ಲ. ಪ್ರತಿ ಬೆಳಿಗ್ಗೆ ಎದ್ದು ಮುಗಿಲು ನೋಡುವುದೇ ಅವಳ ಪ್ರಾರ್ಥನೆಯಾಯಿತು. ಇಗರ್ಜಿಯಲ್ಲಿ ಎಲ್ಲರೂ ಬಿಳಿಯುಟ್ಟು ಹಾಡುತ್ತಿದ್ದಾಗ ಅವಳು ಕಿಟಕಿಯಾಚೆ ಒಂದು ಮೋಡವನ್ನೇ ಹಿಂಬಾಲಿಸುತ್ತಿದ್ದಳು. ಅದು ಅಂಚಿನಲ್ಲಿ ಕಪ್ಪಾಗಿ, ಆಮೇಲೆ ಮನಸ್ಸು ಬದಲಿಸಿದ ಹಾಗೆ ಕಡಲಿಗೆ ಹೋಗಿಬಿಟ್ಟಿತು. ಅಷ್ಟೊತ್ತಿಗೆ ಮುದುಕಿಗಾದರೂ ಹೇಳಬಹುದಿತ್ತು. ಒಂದು ಮಾತು, ದೊಡ್ಡಮ್ಮ, ಆ ಮೂಲೆ ಹುಲ್ಲು ಕಿತ್ತು ಸುಟ್ಟುಬಿಡಿ ಅಂತ. ಹೇಳಿದ್ದರೆ ತಾನು ನೋಡಿದ್ದೂ ನೋಡಿ ಬರೆಯದೆ ಬಿಟ್ಟದ್ದೂ ಹೇಳಿದಂತಾಗುತ್ತಿತ್ತು. ಹೀಗೆ ಒಂದು ಮಾತು ಇನ್ನೊಂದನ್ನು ಎಳೆದು, ಆಡಬಾರದ ಮಾತುಗಳೇ ದಿನಕ್ಕೊಂದು ಹೆಚ್ಚುತ್ತ ಹೋಗಿ, ಕೊನೆಗೆ ಆಲಿಯಿತಾಸಿ ಎದುರಿಗೆ ಸಿಕ್ಕರೆ ಬಿಸಿಲಿನ ಬಗ್ಗೆ ಕೂಡ ಮಾತಾಡಲು ಆಗದೆ ಹೋಯಿತು.

ತಪಾಸಣೆಗೆ ಬಂದ ಕೊಲೀನ್ ಒಳ್ಳೆಯ ಹೆಂಗಸು. ಕೆಟ್ಟವಳಾಗಿದ್ದರೆ ಎಲ್ಲ ಸುಲಭವಾಗುತ್ತಿತ್ತು. ದಪ್ಪ ಬೂಟು, ಬಿಸಿಲಿಗೆ ಕೆಂಪಾಗಿ ಸಿಪ್ಪೆ ಏಳುತ್ತಿದ್ದ ಮೂಗು. ಕೊಟ್ಟಲ್ಲೆಲ್ಲ ಎಳನೀರು ಕುಡಿದು, ಪ್ರತಿ ಸಲವೂ ಇದೇ ಎಲ್ಲಕ್ಕಿಂತ ಸಿಹಿ ಎನ್ನುತ್ತಿದ್ದಳು. ಆಲಿಯಿತಾಸಿ ತೋಟದ ಬಾಗಿಲಲ್ಲೇ ಕಾಯುತ್ತಿದ್ದಳು, ಭಾನುವಾರದ ಬಟ್ಟೆ ಉಟ್ಟು, ನೆಟ್ಟ ಬೆನ್ನಿನಲ್ಲಿ. ಸಂಘಕ್ಕೆ ಮೊಟ್ಟಮೊದಲು ಹೆಸರು ಕೊಟ್ಟವಳು ಅವಳೇ. ಕೈಯಲ್ಲಿ ಹುಲ್ಲು ಕೀಳಲು ಬೇಸರಪಟ್ಟ ಗಂಡಸರಿಗೆ, ನಿಮ್ಮ ಮೀಸೆ ಕೀಳೋಕೆ ಪುರಸೊತ್ತಿದೆ, ಹುಲ್ಲು ಕೀಳೋಕಿಲ್ವಾ, ಎಂದು ಬೀದಿಯಲ್ಲಿ ನಿಲ್ಲಿಸಿ ಕೇಳಿದವಳು. ಮೂವರೂ ನಡೆದರು. ಬಡಗಣ ಮೂಲೆಗೆ ಹೋಗದಂತೆ ಫುವಾತಿನೊ ಎರಡು ಸಲ ದಾರಿ ತಿರುಗಿಸಿದಳು. ಎರಡು ಸಲವೂ ಮುದುಕಿಯೇ, ಮುಚ್ಚಿಡಲು ಏನೂ ಇಲ್ಲದವಳ ಹಾಗೆ, ಈ ಕಡೆ ಇನ್ನೂ ಇದೆಯಲ್ಲ, ಎಂದು ಸರಿಮಾಡಿದಳು. ಕೊಲೀನ್ ಮಂಡಿಯೂರಿ ಕೂತಳು. ಒಂದು ಹಿಡಿ ಹುಲ್ಲು ಕಿತ್ತು ಬೇರು ನೋಡಿದಳು, ಮೂಸಿದಳು. ಬೇಲಿಯಾಚೆ ಇಯೋಪುವಿನ ಕೆಸುವಿನ ಎಲೆಗಳು ಆನೆಕಿವಿಯಷ್ಟು ದೊಡ್ಡದಾಗಿ, ಕೊಬ್ಬಿ, ಗಾಳಿಗೆ ಮೆಲ್ಲಗೆ ತಲೆಯಾಡಿಸುತ್ತಿದ್ದವು.

"ಇವರು ಕಳೆನಾಶಕ ಹೊಡೆದಿದ್ದಾರಾ ಕೇಳಿ," ಎಂದಳು ಕೊಲೀನ್, ಇಂಗ್ಲಿಷಿನಲ್ಲಿ, ಮೆಲ್ಲಗೆ.

ಫುವಾತಿನೊ ಮುದುಕಿಯ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಕೇಳಿದಳು: "ದೊಡ್ಡಮ್ಮ, ಈ ಹುಲ್ಲು ಒಣಗಿದೆ ಅಲ್ವಾ?"

"ಒಣಗಿದೆ. ಕಣ್ಣಿಗೆ ಕಾಣ್ತಿದೆಯಲ್ಲ."

"ಯೆಸ್ ಅಂತಾರೆ," ಎಂದಳು ಫುವಾತಿನೊ.

ಅಷ್ಟೇ. ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ, ಬಹಳ ದಿನಗಳಿಂದ ಹಲ್ಲಿನ ಹಿಂದೆ ಕಾದು ಕೂತಿದ್ದ ಹಾಗಿತ್ತು. ಯಾವಾಗ ಎಂದು ಕೊಲೀನ್ ಕೇಳಿದಳು. ಮಳೆ ಯಾವಾಗ ಬಂದಿತ್ತು ದೊಡ್ಡಮ್ಮ, ಎಂದು ಇವಳು ಕೇಳಿದಳು. ಏನೋ ಒಂದು ಉತ್ತರ ಬಂತು. ಎರಡು ವಾರದ ಹಿಂದೆ ಅಂತಾರೆ, ಎಂದಳು. ಎರಡು ವಾರ ಎಂದರೆ ತನ್ನ ತಪಾಸಣೆ ಮುಗಿದ ಮೇಲೆ. ಹಾಗಾದರೆ ಇಲ್ಲ ಎಂದು ಬರೆದದ್ದು ಬರೆದ ದಿನ ನಿಜವೇ ಆಗಿತ್ತು. ಎಷ್ಟು ಚೊಕ್ಕವಾಗಿ ಹೊಂದಿಕೊಂಡಿತು ಎಂದು ಅವಳಿಗೆ ಅಲ್ಲೇ, ಆ ಹೊತ್ತಿನಲ್ಲೇ, ಒಂದು ಬಗೆಯ ಹೆಮ್ಮೆಯೂ ಆಯಿತು. ಆ ಹೆಮ್ಮೆಯನ್ನು ಮಾತ್ರ ಅವಳು ಯಾರಿಗೂ, ದೇವರಿಗೂ, ಹೇಳಿರಲಿಲ್ಲ. ಹಿಂತಿರುಗುವಾಗ ಜೀಪಿನಲ್ಲಿ ಕೊಲೀನ್ ಬೇಸರದಿಂದ, ಇಷ್ಟು ಒಳ್ಳೆಯ ತೋಟ, ಯಾಕೆ ಹೀಗೆ ಮಾಡಿದರು, ಎಂದಾಗ ಫುವಾತಿನೊ, ವಯಸ್ಸಾಗಿದೆ, ನಿಯಮ ಅರ್ಥವಾಗಿಲ್ಲ, ಎಂದಳು. ಅದು ಕರುಣೆ ಎಂದು ಅಂದುಕೊಂಡೇ ಹೇಳಿದ್ದಳು.

ಆಮೇಲೆ ಊರಿನ ಹಿರಿಯರು ಸಭೆ ಕೂತರು. ಊರ ಹೆಸರು ಕೆಡಿಸಿದವರು ದಂಡ ತೆರಬೇಕೆಂದು ಕಟ್ಟಳೆ ಇದೆ. ಆಲಿಯಿತಾಸಿ ಸಭೆಯ ಹೊರಗೆ ತಲೆಬಾಗಿ ಕೂತಿದ್ದಳು. ಯಾಕೆ ಔಷಧಿ ಹೊಡೆದೆ ಎಂದು ಕೇಳಿದರೆ, ಆಯಿತು ಏನಾಗಬೇಕೋ ಆಯಿತು, ಎಂದಷ್ಟೇ ಹೇಳಿದಳಂತೆ. ಅವಳಲ್ಲಿದ್ದದ್ದು ಒಂದೇ ಹೆಣ್ಣುಹಂದಿ. ಅದನ್ನು ಕಲ್ಲೊಲೆಯಲ್ಲಿ ಬೇಯಿಸಿ ಊರಿಗೆಲ್ಲ ಪಾಲು ಹಾಕಿದರು. ಎಲೆಯಲ್ಲಿ ಕಟ್ಟಿದ ಒಂದು ಪಾಲು ಫುವಾತಿನೊಳ ಮನೆಗೂ ಬಂತು, ಸಂಘಕ್ಕೆ ದುಡಿದವಳೆಂದು ಬೆನ್ನಿನ ಕಡೆಯ ಒಳ್ಳೆಯ ತುಂಡೇ ಬಂತು. ಆ ಭಾನುವಾರ ಅಣ್ಣ ಹೆಂಡತಿ ಮಕ್ಕಳೊಂದಿಗೆ ಊಟಕ್ಕೆ ಬಂದಿದ್ದ. ಅವನಿಗೆ ಗೊತ್ತಿತ್ತೆ? ತಲೆ ತಗ್ಗಿಸಿ ತಿಂದ, ಆದರೆ ತಂಗಿಯ ಮನೆಯಲ್ಲಿ ಅವನು ಯಾವಾಗಲೂ ತಲೆ ತಗ್ಗಿಸಿಯೇ ತಿನ್ನುವುದು. ಬಡಿಸಿದ ಮಾಂಸ ಬಿಟ್ಟು ಎದ್ದರೆ ಯಾರಾದರೂ ಯಾಕೆಂದು ಕೇಳುತ್ತಾರೆ. ಅವಳೂ ತಿಂದಳು. ಉಪ್ಪು ಸರಿಯಾಗಿ ಹಿಡಿದಿತ್ತು. ರುಚಿಯಾಗಿತ್ತು. ಆ ರುಚಿ ನಾಲಿಗೆಗೆ ಗೊತ್ತಾದದ್ದೇ ಅವಳಿಗೆ ತನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು ಹೇಸಿಗೆ ತಂದ ಸಂಗತಿ.

ಕರಿಕಲ್ಲಿನ ದಾರಿ ಮುಗಿದಾಗ ಆಲಿಯಿತಾಸಿ ಮನೆಯ ಜಗುಲಿಯಲ್ಲಿ ಕಾಲು ಮಡಚಿ ಕೂತು ಚಾಪೆ ಹೆಣೆಯುತ್ತಿದ್ದಳು. ಸುತ್ತ ಗೋಡೆಯಿಲ್ಲದ ಮನೆ, ಬರುವವರು ದೂರದಿಂದಲೇ ಕಾಣುತ್ತಾರೆ. ಆದರೂ ಫುವಾತಿನೊ ಕಂಬದ ಹತ್ತಿರ ಬಂದು ನಿಲ್ಲುವವರೆಗೂ ಮುದುಕಿ ತಲೆ ಎತ್ತಲಿಲ್ಲ. ಅಂಗಳದ ಮೂಲೆಯಲ್ಲಿ ಕಾಯಿ ರಾಶಿ ಬಿದ್ದಿತ್ತು. ಬುಧವಾರಕ್ಕೆ ಎಣ್ಣೆಮನೆಗೆ ಹೋಗಬೇಕಿದ್ದ ಕಾಯಿ. ಕೆಲವು ಆಗಲೇ ಮೊಳಕೆ ಒಡೆದಿದ್ದವು.

"ಕೂತ್ಕೋ. ನಿಂತ್ಕೊಂಡು ಹೇಳೋ ಸುದ್ದಿ ಸಾವಿಂದು ಮಾತ್ರ."

ಕೂತಳು. ಕಾಗದ ಮಂಡಿಯ ಮೇಲಿಟ್ಟುಕೊಂಡಳು.

"ತುಫುಗಾ ಕಳಿಸಿದ್ದಾ?"

"ಹೂಂ ದೊಡ್ಡಮ್ಮ. ರುಜು ಹಾಕ್ಬೇಕಂತೆ. ಇಂಗ್ಲಿಷಲ್ಲಿದೆ. ನಾನು ಓದಿ ಹೇಳ್ತೀನಿ."

"ಓದು. ನಮ್ಮ ಮಾತಲ್ಲಾಗಿದ್ರೆ ನಾನೇ ಓದ್ಕೋತಿದ್ದೆ. ಬೈಬಲ್ಲನ್ನ ಮೂರು ಸಲ ಓದಿ ಮುಗಿಸಿದೀನಿ." ಕನ್ನಡಕ ಸರಿಮಾಡಿಕೊಂಡಳು, ಕೇಳುವುದಕ್ಕೂ ಕನ್ನಡಕ ಬೇಕೆನ್ನುವ ಹಾಗೆ.

"ತೋಟದ ನಂಬರು ಇಪ್ಪತ್ತಾರು. ರೈತರ ಹೆಸರು ಆಲಿಯಿತಾಸಿ. ಬಡಗಣ ಅಂಚಿನ ಏಳು ಮರಗಳ ಬುಡದಲ್ಲಿ ಕಳೆನಾಶಕ ಬಳಸಿದ ಕುರುಹು ಕಂಡಿದೆ. ಬಳಸಿದ್ದು ತಾವೇ ಅಂತ ರೈತರು ಸ್ವತಃ ಒಪ್ಪಿಕೊಂಡಿದ್ದಾರೆ."

"ಸ್ವತಃ ಅಂದ್ರೆ?"

"ನೀವೇ. ನಿಮ್ಮ ಬಾಯಲ್ಲಿ."

"ನನ್ನ ಬಾಯಲ್ಲಿ," ಎಂದಳು ಮುದುಕಿ. ಕೈ ಹೆಣೆಯುತ್ತಲೇ ಇತ್ತು. "ಮುಂದೆ."

"ಊರಿನ ಒಳತಪಾಸಣೆಯ ದಾಖಲೆಗಳು ಸರಿಯಾಗಿವೆ."

"ಅದು ಯಾರ್ದು?"

"ನಂದು."

"ಮುಂದೆ."

"ರೈತರಿಗೆ ವಯಸ್ಸಾಗಿದೆ, ನಿಯಮಗಳ ತಿಳಿವಳಿಕೆ ಸಾಲದು."

ಕೈ ನಿಂತಿತು. ಕೇದಗೆ ಎಲೆಯ ಸೀಳು ಬೆರಳ ಸಂದಿಯಲ್ಲೇ ಉಳಿಯಿತು. ಹಂದಿ ಹೊಡೆದುಕೊಂಡು ಹೋದಾಗಲೂ ಕದಲದ ಮುಖ ಅದು ಎಂದು ಜನ ಹೇಳಿದ್ದರು. ಈಗ ಕೆನ್ನೆಯ ಮೇಲೆ ಏನೋ ಸಣ್ಣಗೆ ಅದುರಿತು.

"ಇದನ್ನ ಯಾರು ಹೇಳಿದ್ದು?"

ಸುಳ್ಳು ಹೇಳಬಹುದಿತ್ತು. ಆ ಹೆಂಗಸೇ ಬರೆದುಕೊಂಡದ್ದು ಎನ್ನಬಹುದಿತ್ತು. "ನಾನು," ಎಂದಳು ಫುವಾತಿನೊ. "ದೊಡ್ಡಮ್ಮ, ಆವತ್ತು ತೋಟದಲ್ಲಿ ನಾನು..."

"ಯೆಸ್ ಅಂದೆ. ಅಷ್ಟು ಇಂಗ್ಲಿಷ್ ನಂಗೂ ಬರತ್ತೆ."

ಕಡಲ ಕಡೆಯಿಂದ ಗಾಳಿ ಬಂದು ಕಾಗದದ ಅಂಚು ಎತ್ತಿತು. ಫುವಾತಿನೊ ಅದನ್ನು ಒತ್ತಿ ಹಿಡಿದಳು. ಅಳು ಬಂದಿದ್ದರೆ ಅದಕ್ಕೂ ಒಂದು ಅರ್ಥವಿರುತ್ತಿತ್ತು; ಬರಲಿಲ್ಲ. ಬಂದದ್ದು ಒಂದು ಪ್ರಶ್ನೆ, ಅದೂ ದೂರಿನ ಧ್ವನಿಯಲ್ಲಿ: "ಹಾಗಿದ್ರೆ ಯಾಕೆ ಸುಮ್ನಿದ್ರಿ?"

"ಇನ್ನೇನು ಮಾಡ್ಬೇಕಿತ್ತು? ಆ ಕೆಂಪುಮೂಗಿನವಳ ಮುಂದೆ ನೋ ನೋ ಅಂತ ಕುಣೀಬೇಕಿತ್ತಾ? ಕುಣಿದಿದ್ರೆ ಎಣ್ಣೆಮನೆ ಅವತ್ತೇ ಮುಚ್ತಿತ್ತು. ನಾನು ಕಟ್ಟಿದ ಮನೆ ಕಣೇ ಅದು. ಮೊದಲನೇ ತಗಡು ಹೊತ್ಕೊಂಡು ಬಂದಿದ್ದು ಈ ತಲೆ ಮೇಲೆ." ಉಸಿರು ತೆಗೆದುಕೊಂಡಳು. "ಊರಿಗೋಸ್ಕರ ಸುಮ್ನಿದ್ದೆ. ನಿಂಗೋಸ್ಕರ ಅಲ್ಲ. ಅದೊಂದು ತಿಳ್ಕೊಂಡಿರು."

"ಇಯೋಪು ಅಣ್ಣಂಗೆ..."

"ನಿನ್ನ ಬಾಯಲ್ಲಿ ಅಣ್ಣನ ಹೆಸರು ತರ್ಬೇಡ. ಅಷ್ಟಾದ್ರೂ ಉಳಿಸ್ಕೋ. ಓದು, ಇನ್ನೂ ಎಷ್ಟಿದೆ?"

ಇನ್ನು ಹೆಚ್ಚಿರಲಿಲ್ಲ. ಮೂರು ವರ್ಷ ಈ ತೋಟದ ಕಾಯಿ ಎಣ್ಣೆಮನೆಗೆ ಬರಬಾರದು. ಮೂರು ವರ್ಷವಾದ ಮೇಲೆ ರೈತರು ಹೊಸದಾಗಿ ಅರ್ಜಿ ಹಾಕಬಹುದು. ಇದನ್ನು ನನಗೆ ಓದಿ ಹೇಳಲಾಗಿದೆ, ನಾನು ಒಪ್ಪಿದ್ದೇನೆ.

"ಮೂರು ವರ್ಷಕ್ಕೆ ನಂಗೆ ಎಪ್ಪತ್ತೇಳು," ಎಂದಳು ಆಲಿಯಿತಾಸಿ. ಪೆನ್ನು ತೆಗೆದುಕೊಂಡು, ಕಾಗದವನ್ನು ಬೈಬಲಿನ ಮೇಲಿಟ್ಟು, ದುಂಡಗಿನ ಅಕ್ಷರದಲ್ಲಿ ನಿಧಾನವಾಗಿ ಪೂರಾ ಹೆಸರು ಬರೆದಳು. ಫುವಾತಿನೊ ಎದ್ದೇಳಲು ನೆಲಕ್ಕೆ ಕೈಯೂರಿದಳು. ಮುದುಕಿ ಕಾಗದ ಬಿಡಲಿಲ್ಲ.

"ಇನ್ನೊಂದ್ಸಲ ಓದು."

"ಯಾಕೆ ದೊಡ್ಡಮ್ಮ?"

"ಮುಂದಿನ ವರ್ಷ ಆ ಕೆಂಪುಮೂಗಿನವಳು ಬರ್ತಾಳೆ. ಯಾರ್ಯಾರನ್ನೋ ಕರ್ಕೊಂಡು ಬಂದು ನನ್ನ ಕೇಳ್ತಾಳೆ. ನಾನೊಂದು ಹೇಳಿ ಕಾಗದದಲ್ಲೊಂದು ಇದ್ರೆ? ಬಾಯಿಪಾಠ ಮಾಡ್ಕೋತೀನಿ. ಓದು, ಒಂದೊಂದೇ ಸಾಲು."

ಫುವಾತಿನೊ ಓದಿದಳು. ತೋಟದ ನಂಬರು ಇಪ್ಪತ್ತಾರು. ಮುದುಕಿ ಹಿಂದೆಯೇ ಹೇಳಿದಳು. ರೈತರ ಹೆಸರು ಆಲಿಯಿತಾಸಿ. ಅದನ್ನೂ ಹೇಳಿದಳು, ಯಾರದೋ ಹೆಸರೆಂಬಂತೆ. ಬಡಗಣ ಅಂಚಿನ ಏಳು ಮರ. ಕಳೆನಾಶಕದ ಕುರುಹು. ಅಕ್ಷರಗಳು ಫುವಾತಿನೊಳ ಕಣ್ಣೆದುರು ಇದ್ದಲ್ಲೇ ಇದ್ದವು, ಆದರೆ ಅವುಗಳಿಂದ ಅವಳ ಬಾಯಿ ತಾನಾಗಿ ಕಳಚಿಕೊಂಡಿತು.

"ಬಳಸಿದ್ದು ರೈತರಲ್ಲ," ಎಂದು ಅವಳು ಓದಿದಳು. "ಪಕ್ಕದ ಹೊಲದವರು ಬೇಲಿ ದಾಟಿ ಬಂದು ಹೊಡೆದಿದ್ದಾರೆ. ಒಳತಪಾಸಣೆ ಮಾಡಿದವಳು ಇದನ್ನು ಕಣ್ಣಾರೆ ಕಂಡು..."

ಮುದುಕಿಯ ಒರಟು ಅಂಗೈ ಸಾಲಿನ ಮೇಲೆ ಬಿತ್ತು.

"ಅದು ಅಲ್ಲಿಲ್ಲ."

"ಇದೆ ದೊಡ್ಡಮ್ಮ."

"ಮೊದಲ್ನೇ ಸಲ ಇರ್ಲಿಲ್ಲ. ಹಾಗೆ ಓದಿ ಮನಸ್ಸು ಹಗುರ ಮಾಡ್ಕೊಂಡು ಮನೆಗೆ ಹೋಗ್ತೀಯಾ? ನಾನೇನು ಅದಕ್ಕೆ ಇಲ್ಲಿ ಕೂತಿಲ್ಲ. ಬರೆದಿರೋದನ್ನ ಓದು."

ಅಂಗೈ ಸರಿಯಿತು. ಫುವಾತಿನೊ ಬರೆದದ್ದನ್ನು ಓದಿದಳು. ಬಳಸಿದ್ದು ತಾವೇ ಅಂತ ರೈತರು ಸ್ವತಃ ಒಪ್ಪಿಕೊಂಡಿದ್ದಾರೆ. ನಾನೇ ಹೊಡೆದದ್ದು ಅಂತ ಒಪ್ಪಿಕೊಂಡಿದೀನಿ, ಎಂದಳು ಮುದುಕಿ, ಕಣ್ಣು ಮುಚ್ಚಿ, ಒಂದೊಂದು ಮಾತಿಗೂ ಬೆರಳು ಮಡಚುತ್ತ. ಒಳತಪಾಸಣೆ ಸರಿಯಾಗಿದೆ. ಸರಿಯಾಗಿದೆ. ವಯಸ್ಸಾಗಿದೆ ಎಂಬಲ್ಲಿಗೆ ಬಂದಾಗ ಫುವಾತಿನೊ ಓದುವುದನ್ನು ನಿಲ್ಲಿಸಿದಳು. ಮುದುಕಿ ನಿಲ್ಲಿಸಲಿಲ್ಲ.

"ನಂಗೆ ವಯಸ್ಸಾಗಿದೆ," ಎಂದಳು ಅವಳು, ಯಾರೂ ಹೇಳಿಕೊಡದೆ, "ನಿಯಮ ತಿಳಿಯಲ್ಲ."